ಎಂಎಕ್ಸ್-5 ಮೇಲೆ ಹಳೆಗಾಲದ ರೋಡ್‌ಸ್ಟರ್: ಕಿಟ್‌ಗೆ ಮುಂಗಡ ಕೊಡುವ ಮುಂಚೆ

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ, ಊರು ಹಾಸನ. ನನ್ನ ಬಳಿ 2001ರ ಮಾಜ್ದಾ ಎಂಎಕ್ಸ್-5 ಇದೆ, 1.8 ಎಂಜಿನ್. ಚೆನ್ನಾಗಿ ಓಡುತ್ತದೆ, ಆದರೆ ಸಿಲ್‌ಗಳಿಗೆ ತುಕ್ಕು ಹಿಡಿದು ಎಂಒಟಿ (ಇಲ್ಲಿನ ವಾರ್ಷಿಕ ವಾಹನ ತಪಾಸಣೆ) ಪಾಸಾಗಲಿಲ್ಲ. ಇದರ ಮೇಲೆ ಹಳೆಗಾಲದ ಚೆಂದದ ಕಿಟ್ ಕಾರು (ಕಂಪನಿ ಕೊಡುವ ಬಿಡಿಭಾಗಗಳಿಂದ ಮನೆಯಲ್ಲೇ ಜೋಡಿಸುವ ಕಾರು) ಕಟ್ಟುವ ಆಸೆ. ಒಂದು ಕಾರು ಹಿಡಿಯುವ ಗ್ಯಾರೇಜಿದೆ, ಸಾಧಾರಣ ಸ್ಪ್ಯಾನರ್ ಸೆಟ್ಟಿದೆ, ವೆಲ್ಡಿಂಗ್ ಬರುವುದಿಲ್ಲ. ಯಾವ ಥರದ ಕಿಟ್ ತೆಗೆದುಕೊಳ್ಳಲಿ, ಜನ ಎಲ್ಲೆಲ್ಲಿ ಎಡವುತ್ತಾರೆ? ಮುಂದೆ ಊರಿಗೆ ಮರಳುವಾಗ ಕಾರನ್ನೂ ತರಬಹುದೇ?

ಉತ್ತರ: ಕಿಟ್ ಯಾವ ಥರದ್ದೆಂಬುದನ್ನು ನಿಮ್ಮ ಕಾರಿನ ತುಕ್ಕೇ ತೀರ್ಮಾನಿಸಿಬಿಟ್ಟಿದೆ. ಎಂಎಕ್ಸ್-5 ಮೇಲೆ ಕಟ್ಟುವ ಕಿಟ್‌ಗಳಲ್ಲಿ ಎರಡು ಜಾತಿ. ಒಂದು, ಮೈ ಬದಲಿಸುವ ಕಿಟ್: ಮಾಜ್ದಾದ ಮೊನೊಕಾಕ್ ಶೆಲ್ (ಚಾಸಿಯೂ ಮೈಯೂ ಒಂದೇ ಆಗಿರುವ ಉಕ್ಕಿನ ಚಿಪ್ಪು) ಹಾಗೇ ಉಳಿಯುತ್ತದೆ, ಫೆಂಡರ್, ಬಾನೆಟ್, ಬಂಪರ್ ಬಿಚ್ಚಿ ಮೇಲೆ ಫೈಬರ್ ಮೈ ಕೂರಿಸುತ್ತೀರಿ. ಟ್ರಿಬ್ಯೂಟ್ ಆಟೊಮೋಟಿವ್‌ನವರ ಎಂಎಕ್ಸ್250 ಇಂಥದ್ದು. ಇನ್ನೊಂದು, ಚಾಸಿ ಕಿಟ್: ಮಾಜ್ದಾದ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸಸ್ಪೆನ್ಷನ್, ಬ್ರೇಕು, ಸ್ಟೀರಿಂಗ್ ರ್‍ಯಾಕ್, ವೈರಿಂಗ್ ಇವಿಷ್ಟೂ ಕಿಟ್ ಕಂಪನಿಯ ಹೊಸ ಉಕ್ಕಿನ ಚಾಸಿಗೆ ಬರುತ್ತವೆ, ಶೆಲ್ ಗುಜರಿಗೆ ಹೋಗುತ್ತದೆ. ಲೋಟಸ್ ಸೆವೆನ್ ಶೈಲಿಯ ಜಿಬಿಎಸ್ ಜೀರೊ, 1930ರ ದಶಕದ ಕೊನೆಯ ಆಲ್ಫಾ ರೋಮಿಯೊ 158 ರೇಸ್ ಕಾರನ್ನು ನೆನಪಿಸುವ ಟಿಪೊ 184 ಈ ಜಾತಿಯವು.

ಸಿಲ್ ಎಂದರೆ ಬಾಗಿಲ ಕೆಳಗಿನ ಅಲಂಕಾರದ ಪಟ್ಟಿಯಲ್ಲ. ಛಾವಣಿಯಿಲ್ಲದ ಕಾರಿನಲ್ಲಿ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಸೆಟೆದು ಹಿಡಿಯುವುದು ಆ ಎರಡು ಪೆಟ್ಟಿಗೆಗಳು ಮತ್ತು ನಡುವಿನ ಟನಲ್. ಅದರ ಮೇಲೆ ಫೈಬರ್ ಹೊದಿಸಿದರೆ ತುಕ್ಕು ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೇ. ನಿಮ್ಮ ಪೀಳಿಗೆಯ ಎಂಎಕ್ಸ್-5, ಅಂದರೆ 1998ರಿಂದ 2005ರವರೆಗಿನ ಎನ್‌ಬಿ, ಇನ್ನೊಂದು ಕಡೆಯೂ ತಿನ್ನುತ್ತದೆ: ಮುಂದಿನ ಸಸ್ಪೆನ್ಷನ್ ಹತ್ತಿರದ ಚಾಸಿ ಲೆಗ್‌ಗಳು, ಅಂದರೆ ಶೆಲ್‌ನ ಉದ್ದನೆಯ ತೊಲೆಗಳು. ಅಲ್ಲಿ ತಗಡು ಎರಡು ಪದರ. ನೀರು ನಡುವೆ ನಿಂತು ಒಳಗಿನಿಂದ ತಿನ್ನುವುದರಿಂದ ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಪದರ ಮುಗಿದಿರುತ್ತದೆ. ವೆಲ್ಡಿಂಗ್ ಬಾರದ ನೀವು ಸಿಲ್ಲನ್ನೂ ಲೆಗ್ಗನ್ನೂ ಹೊರಗೆ ಮಾಡಿಸಿ, ಮೇಲೆ ಫೈಬರ್ ಮೈಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಚಾಸಿ ಕಿಟ್ ತೆಗೆದುಕೊಳ್ಳಿ. ನಿಮ್ಮ ಕಾರಿನಲ್ಲಿ ಹಾಳಾಗಿರುವುದು ಯಾವುದೋ ಅದನ್ನೇ ಆ ಕಿಟ್ ಎಸೆಯುತ್ತದೆ.

ಅಂದದ ದೃಷ್ಟಿಯಿಂದಲೂ ಒಂದು ಲೆಕ್ಕ ಹಾಕಿಕೊಳ್ಳಿ. ಎಂಎಕ್ಸ್-5ರ ಮೊದಲೆರಡು ಪೀಳಿಗೆಗಳ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2,265 ಮಿ.ಮೀ. ಹಳೆಗಾಲದ ಚೆಂದದ ಮಾದರಿಯೆಂದು ಫೆರಾರಿ 250 ಜಿಟಿಒವನ್ನು ತೆಗೆದುಕೊಂಡರೆ ಅದರದ್ದು 2,400. ಹಾಗಾಗಿ ಆ ಆಕಾರದ ಮೈಯನ್ನು ಎಂಎಕ್ಸ್-5 ಮೇಲೆ ಕೂರಿಸಿದಾಗ 135 ಮಿ.ಮೀ. ಎಲ್ಲೋ ಕಳೆದುಹೋಗಲೇಬೇಕು, ಸಾಮಾನ್ಯವಾಗಿ ಮುಂದಿನ ಚಕ್ರಕ್ಕೂ ಬಾಗಿಲಿಗೂ ನಡುವೆ. ಜೊತೆಗೆ ಮಾಜ್ದಾದ ವಿಂಡ್‌ಸ್ಕ್ರೀನೇ ಉಳಿಯುವುದರಿಂದ ಪಕ್ಕದಿಂದ ನೋಡಿದರೆ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ. ಸೆವೆನ್ ಥರದ, ಚಕ್ರಗಳು ಮೈಯಿಂದ ಹೊರಗಿರುವ ಕಾರಿಗೆ ಈ ತಾಪತ್ರಯವಿಲ್ಲ.

ಇನ್ನು ಕಾಗದಪತ್ರ. ಬ್ರಿಟನ್ನಿನ ನೋಂದಣಿ ಇಲಾಖೆ ಡಿವಿಎಲ್‌ಎ ಲೆಕ್ಕದಲ್ಲಿ ನಿಮ್ಮದು ‘ಕಿಟ್ ಪರಿವರ್ತನೆ’. ಮೂಲ ಶೆಲ್ಲನ್ನು ಕತ್ತರಿಸದೆ ಉಳಿಸಿಕೊಂಡು, ಜೊತೆಗೆ ಅದೇ ಕಾರಿನ ಎಂಜಿನ್, ಸಸ್ಪೆನ್ಷನ್‌ನಂಥ ಎರಡು ಪ್ರಮುಖ ಭಾಗಗಳಿದ್ದರೆ ಹಳೆಯ ನಂಬರೇ ಮುಂದುವರಿಯುತ್ತದೆ. ಕಿಟ್ ಕಂಪನಿಯ ಹೊಸ ಚಾಸಿ, ಡೋನರ್‌ನ (ಬಿಡಿಭಾಗ ಕೊಡುವ ಹಳೆಯ ಕಾರಿನ) ಎರಡು ಪ್ರಮುಖ ಭಾಗ ಎಂದಾದರೆ ಡೋನರ್‌ನ ವಯಸ್ಸಿಗೆ ತಕ್ಕ ನಂಬರು ಸಿಗುತ್ತದೆ, ಆದರೆ ಮೊದಲು ಐವಿಎ ಪರೀಕ್ಷೆ (ಇಂಥ ಒಂದೊಂದೇ ಕಾರನ್ನು ರಸ್ತೆಗೆ ಯೋಗ್ಯವೇ ಎಂದು ನೋಡುವ ಸರ್ಕಾರಿ ತಪಾಸಣೆ) ಪಾಸಾಗಬೇಕು. ನಾಲ್ಕಾರು ಕಾರುಗಳಿಂದ ಬಿಡಿಭಾಗ ಹೆಕ್ಕಿ, ಯಾವುದು ಎಲ್ಲಿಂದ ಬಂತೆಂದು ತೋರಿಸಲಾಗದೆ ಹೋದರೆ ಕ್ಯೂ ಅಕ್ಷರದ ನಂಬರು. ಮಾರುವಾಗ ಅದು ಬೆಲೆ ಇಳಿಸುತ್ತದೆ. ಮಾರ್ಪಡಿಸಿದ ವಾಹನಗಳ ನಿಯಮಗಳು 2025ರ ಆಗಸ್ಟ್‌ನಲ್ಲಿ ಪರಿಷ್ಕೃತವಾಗಿವೆ. ಆದ್ದರಿಂದ ಮೊದಲ ಬೋಲ್ಟು ಸಡಿಲಿಸುವ ಮುಂಚೆ ನಿಮ್ಮ ಯೋಜನೆಯನ್ನು ಡಿವಿಎಲ್‌ಎಗೆ ಬರೆದು ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ.

ಇಲ್ಲೇ ಒಂದು ಹಳ್ಳವಿದೆ. ಶೆಲ್ಲನ್ನು ಗುಜರಿಗೆ ಹಾಕುವಾಗ ಅವರು ನಿಮ್ಮ ನಂಬರಿನ ಮೇಲೆ ‘ಸರ್ಟಿಫಿಕೇಟ್ ಆಫ್ ಡಿಸ್ಟ್ರಕ್ಷನ್’ ಹೊರಡಿಸಿದರೆ ದಾಖಲೆಯಲ್ಲಿ ಕಾರು ಸತ್ತಂತೆ. ಆಮೇಲೆ ಆ ವಿ5ಸಿ (ನೋಂದಣಿ ಪತ್ರ) ಹಿಡಿದುಕೊಂಡು ವಯಸ್ಸಿನ ನಂಬರು ಕೇಳಲಾಗದು. ಕೊಡುವುದು ಬರೀ ಶೆಲ್ ಎಂದು ಮೊದಲೇ ಮಾತಾಡಿಕೊಳ್ಳಿ. ಜಾಗವಿದ್ದರೆ ನೋಂದಣಿ ಮುಗಿಯುವವರೆಗೂ ಇಟ್ಟುಕೊಳ್ಳಿ. ಶೆಲ್‌ನ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಇರುವ ತುಂಡನ್ನು ಕತ್ತರಿಸಿ ಹೊಸ ಚಾಸಿಗೆ ಬೆಸೆಯುವುದು ಕಾನೂನಿನ ಕಣ್ಣಲ್ಲಿ ಕಳ್ಳಮಾಲಿನವರ ಕೆಲಸ. ಹೊಸ ಚಾಸಿಗೆ ಅದರದೇ ನಂಬರು ಇರುತ್ತದೆ.

ಡೋನರ್ ಓಡುತ್ತಿದೆ ಎಂದಿದ್ದೀರಿ, ಅದು ದೊಡ್ಡ ಆಸ್ತಿ. ಬಿಚ್ಚುವ ಮುಂಚೆ ಇರುವ ದೋಷಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಬಿಚ್ಚಿ ಜೋಡಿಸಿದ ಮೇಲೆ ಎಂಜಿನ್ ತಡವರಿಸಿದರೆ ಅದು ಹಳೆಯ ರೋಗವೋ ನಿಮ್ಮ ವೈರಿಂಗಿನ ತಪ್ಪೋ ಎಂದು ತಿಳಿಯಲು ಬೇರೆ ದಾರಿಯೇ ಇರುವುದಿಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ; ಒಂದಕ್ಕೊಂದು ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಈಗಲೇ ಬೇರೆ ಎಂಜಿನ್ ಹುಡುಕಿ. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಷರ್ ಮುಳ್ಳನ್ನು ನಂಬಬೇಡಿ: ಎನ್‌ಬಿಯಲ್ಲಿ ಅದರ ಹಿಂದಿರುವುದು ಸೆನ್ಸರ್ ಅಲ್ಲ, ಸ್ವಿಚ್ಚು. ಒತ್ತಡವಿದೆ ಅಥವಾ ಇಲ್ಲ ಎಂಬೆರಡೇ ಸುದ್ದಿ ಅದಕ್ಕೆ ಗೊತ್ತು. ಎಂಜಿನ್ ಬಿಸಿಯಾದ ಮೇಲೆ ಹೊರಗಿನ ಗೇಜ್ ಹಾಕಿ ನೋಡಿ. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಸೀಲ್ ಎಲ್ಲವನ್ನೂ ಎಂಜಿನ್ ಬಯಲಲ್ಲಿರುವಾಗಲೇ ಬದಲಿಸಿ. ಕಿರಿದಾದ ಮೂತಿಯೊಳಗೆ ಹೋದ ಮೇಲೆ ಅದೇ ಕೆಲಸಕ್ಕೆ ಮೂರುಪಟ್ಟು ಹೊತ್ತು ಹಿಡಿಯುತ್ತದೆ.

ಬಿಚ್ಚುವ ಕೆಲಸದಲ್ಲಿ ಎಂಎಕ್ಸ್-5ರಂಥ ಸುಲಭದ ಡೋನರ್ ಕಡಿಮೆ. ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲ್ಲನ್ನೂ ಒಂದು ಉದ್ದನೆಯ ಅಲ್ಯೂಮಿನಿಯಂ ತೊಲೆ, ಪವರ್ ಪ್ಲಾಂಟ್ ಫ್ರೇಮ್, ಬಿಗಿಯಾಗಿ ಜೋಡಿಸಿರುತ್ತದೆ. ಹಾಗಾಗಿ ಮುಂದಿನ ಸಬ್‌ಫ್ರೇಮು (ಸಸ್ಪೆನ್ಷನ್ ಹೊತ್ತ ಚೌಕಟ್ಟು), ಎಂಜಿನ್, ಗೇರ್‌ಬಾಕ್ಸ್, ಡಿಫ್, ಹಿಂದಿನ ಸಬ್‌ಫ್ರೇಮು ಒಂದೇ ತುಂಡಾಗಿ ನೆಲದ ಮೇಲೆ ಉಳಿಯುತ್ತವೆ, ಖಾಲಿ ಶೆಲ್ಲನ್ನು ಮೇಲೆತ್ತಿದರೆ ಆಯಿತು. ಒಳಗಿನದೆಲ್ಲ ತೆಗೆದ ಶೆಲ್ಲನ್ನು ಐದಾರು ಜನ ಸೇರಿ ಎತ್ತಬಹುದು. ಅದಕ್ಕೂ ಮುಂಚೆ ಎಸಿ ಇದ್ದರೆ ಅದರ ಗ್ಯಾಸನ್ನು ಎಸಿ ಅಂಗಡಿಯಲ್ಲಿ ತೆಗೆಸಿ. ಪೆಟ್ರೋಲ್ ಖಾಲಿ ಮಾಡಿ. ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಏರ್‌ಬ್ಯಾಗ್ ತೆಗೆಯಿರಿ; ಅದರ ಕನೆಕ್ಟರಿಗೆ ಮಲ್ಟಿಮೀಟರ್ ಮುಟ್ಟಿಸಕೂಡದು. ಆಮೇಲೆ ಸ್ಟೀರಿಂಗ್ ಕಾಲಮ್ಮಿನ ಕೀಲು, ಬ್ರೇಕ್ ಹೋಸ್‌ಗಳು, ಕ್ಲಚ್ ಸ್ಲೇವ್ ಸಿಲಿಂಡರಿನ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಹೀಟರ್ ಹೋಸ್, ಪೆಟ್ರೋಲ್ ಪೈಪು, ಗೇರ್ ಲಿವರ್, ಸೈಲೆನ್ಸರ್, ಶಾಕ್ ಅಬ್ಸಾರ್ಬರುಗಳ ಮೇಲ್ತುದಿ. ಮೊದಲ ಅಡಿ ಎತ್ತಿದಾಗ ಒಬ್ಬರು ಸುತ್ತ ಬಗ್ಗಿ ನೋಡಬೇಕು. ಯಾವುದಾದರೊಂದು ವೈರು ಅಥವಾ ಪೈಪು ಅಂಟಿಕೊಂಡೇ ಇರುತ್ತದೆ.

ಕೀಲಿ, ಇಗ್ನಿಷನ್ ಬ್ಯಾರೆಲ್, ಅದರ ಸುತ್ತಲಿನ ಕಾಯಿಲ್, ಇಮೊಬಿಲೈಸರ್ (ಕಳ್ಳತನ ತಡೆಯುವ) ಪೆಟ್ಟಿಗೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇವು ಒಂದೇ ಸೆಟ್ಟು. ಒಂದನ್ನು ಮಾರಿಬಿಟ್ಟರೆ ಉಳಿದವು ಕೆಲಸಕ್ಕೆ ಬಾರವು. ವೈರಿಂಗಿನ ಪ್ರತಿ ಕನೆಕ್ಟರಿಗೂ ಬಿಚ್ಚುವ ಮುಂಚೆಯೇ ಟೇಪು ಸುತ್ತಿ ಹೆಸರು ಬರೆಯಿರಿ.

ನಿಜವಾದ ಬೆವರು ಸುರಿಯುವುದು ಸಸ್ಪೆನ್ಷನ್ನಿನಲ್ಲಿ. ಕೆಳಗಿನ ವಿಶ್‌ಬೋನ್‌ಗಳನ್ನು, ಅಂದರೆ ಚಕ್ರ ಹೊತ್ತ ತೋಳುಗಳನ್ನು, ಹಿಡಿದಿರುವ ಕ್ಯಾಂ ಬೋಲ್ಟುಗಳಿಂದಲೇ ಕ್ಯಾಂಬರ್ (ಚಕ್ರದ ಒಳಹೊರ ವಾಲು), ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಹಿಂದುಮುಂದಿನ ವಾಲು) ಹೊಂದಿಸುವುದು. ಇಪ್ಪತ್ತು ವರ್ಷದ ಉಪ್ಪುನೀರಿಗೆ ಅವು ಬುಷ್‌ನ (ರಬ್ಬರ್ ಮೆತ್ತೆಯ) ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದಲೇ ಬೆಸೆದುಕೊಂಡಿರುತ್ತವೆ. ನಟ್ಟು ಬಿಚ್ಚಿಕೊಳ್ಳುತ್ತದೆ, ಬೋಲ್ಟು ತಿರುಗಿದಂತೆಯೂ ಕಾಣುತ್ತದೆ. ಆದರೆ ತಿರುಗುತ್ತಿರುವುದು ಬೋಲ್ಟಿನ ಜೊತೆ ತಿರುಚಿಕೊಳ್ಳುತ್ತಿರುವ ರಬ್ಬರು. ಸುತ್ತಿಗೆಯಿಂದ ಬಡಿದರೆ ಸಬ್‌ಫ್ರೇಮಿನ ಕಿವಿ ಬಾಗುತ್ತದೆ, ಆಮೇಲೆ ಅಲೈನ್‌ಮೆಂಟ್ ಎಂದೂ ಕೂರುವುದಿಲ್ಲ. ವಿಶ್‌ಬೋನಿಗೂ ಸಬ್‌ಫ್ರೇಮಿಗೂ ನಡುವಿನ ಸಂದಿಯಲ್ಲಿ ರೆಸಿಪ್ರೊಕೇಟಿಂಗ್ ಗರಗಸ ತೂರಿಸಿ ಎರಡೂ ಕಡೆ ಕತ್ತರಿಸುವುದೇ ದಾರಿ. ಹೊಸ ಬೋಲ್ಟು, ಹೊಸ ಬುಷ್ ಸೆಟ್ಟಿನ ದುಡ್ಡನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಜೋಡಿಸುವಾಗ ಬೋಲ್ಟಿನ ಮೈಗೆ ತಾಮ್ರದ ಗ್ರೀಸ್ ಹಚ್ಚಿ. ರಬ್ಬರ್ ಬುಷ್ ಹಾಕಿದ್ದರೆ ಕಾರು ಚಕ್ರದ ಮೇಲೆ ನಿಂತು, ಪೂರ್ತಿ ಭಾರ ಬಿದ್ದ ಮೇಲಷ್ಟೇ ಕೊನೆಯ ಬಿಗಿ ಕೊಡಿ. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ.

ಹಿಂದಿನ ಬ್ರೇಕ್ ಕ್ಯಾಲಿಪರಿನ ಹ್ಯಾಂಡ್‌ಬ್ರೇಕ್ ಲಿವರ್ ಸೆಟೆದುಕೊಳ್ಳುವುದು ಈ ಕಾರಿನ ಹಳೆಯ ಚಾಳಿ. ರಿಪೇರಿ ಮಾಡಿದ ಕ್ಯಾಲಿಪರ್ ಕೊಂಡುಬಿಡಿ. ಕ್ಲಚ್ ಸ್ಲೇವ್ ಸಿಲಿಂಡರೂ ಹಾಗೆಯೇ. ಹಬ್ ನಟ್‌ಗಳು 29 ಮಿ.ಮೀ.; ಮುಂದಿನದಕ್ಕೆ 167ರಿಂದ 216, ಹಿಂದಿನದಕ್ಕೆ 216ರಿಂದ 294 ನ್ಯೂಟನ್ ಮೀಟರ್ ಬಿಗಿ ಬೇಕು. ನಿಮ್ಮ ಸಾಧಾರಣ ಸೆಟ್ಟಿಗೆ ಒಂದು ದೊಡ್ಡ ಟಾರ್ಕ್ ರೆಂಚ್ ಸೇರಿಸಿಕೊಳ್ಳಲೇಬೇಕು. ಗೇರ್‌ಬಾಕ್ಸ್ ಐದು ಸ್ಪೀಡಿನದಾದರೆ ಜಿಎಲ್-4 ದರ್ಜೆಯ 75ಡಬ್ಲ್ಯೂ-90 ಎಣ್ಣೆ 2 ಲೀಟರ್. ಡಿಫ್‌ಗೆ ಜಿಎಲ್-5 ಸುಮಾರು 1 ಲೀಟರ್. ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯಬೇಡಿ: ಹಲವು ಜಿಎಲ್-5 ಎಣ್ಣೆಗಳಲ್ಲಿನ ಗಂಧಕದ ಸೇರಿಕೆ ಗೇರ್‌ಬಾಕ್ಸಿನ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಒಗ್ಗುವುದಿಲ್ಲ.

ಸ್ಪ್ರಿಂಗು ಮಾತ್ರ ಹಳೆಯದು ಬೇಡ. ಒಂದು ಟನ್ ಆಸುಪಾಸಿನ ಕಾರಿಗೆಂದು ಮಾಡಿದ ಸ್ಪ್ರಿಂಗನ್ನು ಆರೇಳು ನೂರು ಕಿಲೋದ ಕಾರಿಗೆ ಹಾಕಿದರೆ ಕಾರು ಎತ್ತರಕ್ಕೆ ನಿಲ್ಲುತ್ತದೆ, ಗುಂಡಿಯಲ್ಲಿ ಚಕ್ರ ಕುಣಿಯುತ್ತದೆ. ಕಿಟ್ ಕಂಪನಿ ತನ್ನ ಚಾಸಿಗೆಂದೇ ಹೇಳುವ ಕಾಯಿಲ್‌ಓವರ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದಾಗಿರುವ ಜೋಡಿ) ಹಾಕಿ. ಪವರ್ ಸ್ಟೀರಿಂಗ್ ಪಂಪ್ ತೆಗೆಯುವುದಾದರೆ ರ್‍ಯಾಕಿನ ಎರಡು ಪೈಪನ್ನು ಒಂದಕ್ಕೊಂದು ಸಿಕ್ಕಿಸಿ ಕೈತೊಳೆದುಕೊಳ್ಳಬೇಡಿ. ಒಳಗಿನ ಪಿಸ್ಟನ್ ಸೀಲ್ ಎಣ್ಣೆಯನ್ನು ಅತ್ತಿತ್ತ ತಳ್ಳುತ್ತಲೇ ಇದ್ದು ಸ್ಟೀರಿಂಗ್ ಜಡವಾಗುತ್ತದೆ. ಐವಿಎಯಲ್ಲಿ ಅದೇ ಮುಳುವಾಗುತ್ತದೆ. ಮ್ಯಾನ್ಯುಯಲ್ ರ್‍ಯಾಕ್ ಹುಡುಕಿ, ಇಲ್ಲವೇ ಸೀಲ್ ತೆಗೆಸಿ.

ಫೈಬರ್ ಮೈ ಕೂರಿಸುವ ಮೊದಲೇ, ಬರಿಯ ಚಾಸಿಯ ಮೇಲೆ ಪೂರ್ತಿ ವೈರಿಂಗ್ ಹರಡಿ ಎಂಜಿನ್ ಶುರು ಮಾಡಿ. ಅದು ಓಡಿದ ಮೇಲೆ ಬೇಡದ ವೈರುಗಳನ್ನು ತೆಗೆಯಿರಿ: ಏರ್‌ಬ್ಯಾಗ್, ಪವರ್ ವಿಂಡೊ, ಸೆಂಟ್ರಲ್ ಲಾಕಿಂಗ್. ಒಂದು ಸರ್ಕ್ಯೂಟ್ ತೆಗೆದಾಗಲೆಲ್ಲ ಮತ್ತೆ ಶುರು ಮಾಡಿ ನೋಡಿ. ಮೂಲ ಕಾರಿನಲ್ಲಿ ದೀಪಗಳೆಲ್ಲ ಉಕ್ಕಿನ ಮೈಯಿಂದಲೇ ಅರ್ತ್ ಪಡೆಯುತ್ತಿದ್ದವು, ಫೈಬರಿನಲ್ಲಿ ಆ ಸೌಕರ್ಯವಿಲ್ಲ. ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ವೈರು ಚಾಸಿಯವರೆಗೆ ಬರಬೇಕು, ಅದು ಸೇರುವ ಜಾಗದಲ್ಲಿ ಪೌಡರ್ ಕೋಟಿಂಗ್ ಕೆರೆದು ಬರಿ ಉಕ್ಕು ಕಾಣುವಂತಿರಬೇಕು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕುತ್ತಿದೆ ಎಂದರೆ ಅಲ್ಲಿ ಅರ್ತ್ ಸರಿಯಿಲ್ಲ, ಕರೆಂಟು ಇನ್ನೊಂದು ಬಲ್ಬಿನ ಮೂಲಕ ದಾರಿ ಹುಡುಕುತ್ತಿದೆ ಎಂದೇ ಅರ್ಥ. ಎಂಜಿನ್ನಿನಿಂದ ಚಾಸಿಗೆ ದಪ್ಪ ಪಟ್ಟಿಯನ್ನೂ ಮರೆಯಬೇಡಿ. ಮಾಜ್ದಾದ ಬ್ಯಾಟರಿ ಡಿಕ್ಕಿಯಲ್ಲಿತ್ತು. ಅದರ ಗ್ಯಾಸ್ ಹೊರಹೋಗುವ ಸಣ್ಣ ಕೊಳವೆಯನ್ನು ಹೊಸ ಜಾಗದಲ್ಲೂ ಹೊರಗೆ ಬಿಡಿ.

ಕೂಲಿಂಗ್‌ನಲ್ಲಿ ತೊಂದರೆ ಬರುವುದು ರೇಡಿಯೇಟರ್ ಚಿಕ್ಕದಾದ್ದರಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ಗಾಳಿ. ಹಳೆಗಾಲದ ತಗ್ಗು ಮೂತಿಗೆಂದು ರೇಡಿಯೇಟರನ್ನು ಕೆಳಗಿಳಿಸಿದಾಗ ಸಿಲಿಂಡರ್ ಹೆಡ್ಡೇ ಎಲ್ಲಕ್ಕಿಂತ ಎತ್ತರದ ಜಾಗವಾಗಿ ಗಾಳಿಯೆಲ್ಲ ಅಲ್ಲಿ ಸೇರಿಕೊಳ್ಳುತ್ತದೆ. ಹೆಡ್‌ಗಿಂತ ಎತ್ತರದಲ್ಲಿ, ಸಾಮಾನ್ಯವಾಗಿ ಫೈರ್‌ವಾಲ್ ಮೇಲೆ, ಒತ್ತಡದ ಮುಚ್ಚಳವಿರುವ ಎಕ್ಸ್‌ಪಾನ್ಷನ್ ಟ್ಯಾಂಕ್ ಕೂರಿಸಿ. ಹೀಟರ್ ಬೇಡವೆಂದು ಅದರ ಎರಡು ಮೂತಿಗಳಿಗೆ ಬಿರಡೆ ಹಾಕಬೇಡಿ, ಒಂದು ಹೋಸಿನಿಂದ ಸೇರಿಸಿಬಿಡಿ. ಈ ಎಂಜಿನ್ನಿನಲ್ಲಿ ನೀರು ಹೊರಬರುವುದು ಮುಂಭಾಗದಿಂದ, ಹಿಂದಿನ ನಾಲ್ಕನೇ ಸಿಲಿಂಡರಿನ ಸುತ್ತ ಹರಿವು ಮೊದಲೇ ಕಡಿಮೆ. ಮೂತಿಯ ಗ್ರಿಲ್‌ನಿಂದ ಒಳಬಂದ ಗಾಳಿ ರೇಡಿಯೇಟರನ್ನು ತಪ್ಪಿಸಿ ಪಕ್ಕಕ್ಕೆ ನುಸುಳದಂತೆ ತಗಡಿನ ನಾಳವೂ ಇರಲಿ.

ಬ್ರೇಕಿನಲ್ಲಿ ನಿಯಮ ಸರಳ: ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಕೂಡದು. ಎಬಿಎಸ್ ಬಿಚ್ಚುವುದಾದರೆ ಎಬಿಎಸ್ ಇಲ್ಲದ ಎಂಎಕ್ಸ್-5ರ ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವುದು) ಹಾಕಿ. ಕೈಯಿಂದ ತಿರುಗಿಸುವ ಬಯಾಸ್ ವಾಲ್ವ್ ಹಾಕಿದ್ದರೆ ಪರೀಕ್ಷೆಗೆ ಮುಂಚೆ ಅದು ಅಲುಗಾಡದಂತೆ ಕಾಯಂ ಮಾಡಿರಬೇಕು.

ಫೈಬರ್ ಮೈ ಬಂದ ದಿನವೇ ಪೇಂಟಿಗೆ ಕೈಹಾಕುವವರು ಬಹಳ. ಅಚ್ಚಿನಿಂದ ಹೊಸದಾಗಿ ಬಂದ ಫೈಬರು ಇನ್ನೂ ವಾರಗಟ್ಟಲೆ ಗಟ್ಟಿಯಾಗುತ್ತ ಕೊಂಚ ಕುಗ್ಗುತ್ತಿರುತ್ತದೆ. ಅವಸರದಲ್ಲಿ ಬಣ್ಣ ಹೊಡೆದರೆ ಒಳಗಿನ ಮ್ಯಾಟ್‌ನ ನೇಯ್ಗೆ ಮುಂದಿನ ಬೇಸಿಗೆಗೆ ಮೇಲೆ ಕಾಣಿಸುತ್ತದೆ. ಕಪ್ಪು ಬಣ್ಣದಲ್ಲಂತೂ ಪ್ರತಿ ಅಲೆಯೂ ಎದ್ದು ತೋರುತ್ತದೆ. ಮೊದಲು ಎಲ್ಲ ತುಂಡುಗಳನ್ನೂ ಕೂರಿಸಿ ಸಂದಿಗಳನ್ನು ಸರಿಮಾಡಿ, ಅದೂ ಕಾರು ತನ್ನ ಚಕ್ರದ ಮೇಲೆ ಪೂರ್ತಿ ಭಾರದಲ್ಲಿ ನಿಂತಾಗ. ಆಮೇಲೆ ಅಚ್ಚಿನ ಮೇಣವನ್ನು ಸಾಲ್ವೆಂಟ್‌ನಿಂದ ಚೆನ್ನಾಗಿ ಒರೆಸಿ ತೆಗೆದು, ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಒರೆಸುವ ಮೊದಲು ಉಜ್ಜಿದರೆ ಮೇಣ ಗೀರುಗಳೊಳಗೆ ಹೋಗಿ ಕೂತು ಪ್ರೈಮರ್ ಕಿತ್ತು ಬರುತ್ತದೆ.

ಐವಿಎಯಲ್ಲಿ ಜನ ಬೀಳುವುದು ಎಂಜಿನ್ನಿನಿಂದಲ್ಲ, ಅಂಚುಗಳಿಂದ. 100 ಮಿ.ಮೀ. ವ್ಯಾಸದ ಗುಂಡು ಹೊರಮೈಯಲ್ಲಿ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಅಂಚಿಗೆ ಕನಿಷ್ಠ 2.5 ಮಿ.ಮೀ. ದುಂಡಗಿರಬೇಕು: ಮಡ್‌ಗಾರ್ಡಿನ ತುದಿ, ಕನ್ನಡಿಯ ಕಾಲು, ಬಾನೆಟ್ ಕ್ಲಿಪ್ಪು ಯಾವುದಕ್ಕೂ ವಿನಾಯಿತಿಯಿಲ್ಲ. ವೈರ್ ವೀಲಿನ ನಡುವಿನ, ಕಿವಿಯಿರುವ ದೊಡ್ಡ ನಟ್ಟುಗಳೂ (ಸ್ಪಿನ್ನರ್) ಇದೇ ಕಾರಣಕ್ಕೆ ಫೇಲಾಗುತ್ತವೆ. ಸೀಟ್ ಬೆಲ್ಟಿನ ಮೇಲಿನ ಹಿಡಿತ ಸೀಟಿನಿಂದ 450 ಮಿ.ಮೀ.ಗಿಂತ ಕೆಳಗಿರಬಾರದು. ತಗ್ಗು ಮೈಯ ಹಳೆಗಾಲದ ಕಾರಿನಲ್ಲಿ ಇದಕ್ಕೆಂದೇ ರೋಲ್ ಬಾರ್ ಬೇಕಾಗಬಹುದು, ಚಾಸಿ ಆರ್ಡರ್ ಮಾಡುವಾಗಲೇ ಕೇಳಿ. ಹಿಂದಿನ ಫಾಗ್ ಲ್ಯಾಂಪ್ ನಡುವೆ ಅಥವಾ ಡ್ರೈವರ್ ಕಡೆ, ಬ್ರೇಕ್ ಲೈಟಿನಿಂದ 100 ಮಿ.ಮೀ. ದೂರ. ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಹಗುರ ಕಾರುಗಳಲ್ಲಿ ಇದು ಸೋಮಾರಿಯಾಗಿರುತ್ತದೆ, ಕ್ಯಾಸ್ಟರ್ ಹೆಚ್ಚಿಸುವುದು ಮದ್ದು. ಎಕ್ಸಾಸ್ಟ್ ಸದ್ದಿಗೆ 99 ಡೆಸಿಬಲ್ ಮಿತಿ. ಎಂಜಿನ್ 2001ರದ್ದೆಂದು ದಾಖಲೆ ಹೇಳುವುದರಿಂದ ಹೊಗೆ ಪರೀಕ್ಷೆಯೂ ಆ ಕಾಲದ ಮಟ್ಟದ್ದೇ. ಕ್ಯಾಟಲಿಟಿಕ್ ಕನ್ವರ್ಟರನ್ನು ಮಾರಿಕೊಳ್ಳಬೇಡಿ.

ಹಳೆಗಾಲದ ನೋಟಕ್ಕೆಂದು ತೆಳ್ಳಗಿನ ಎತ್ತರದ ಟೈರ್ ಹಾಕುವವರು ಸ್ಪೀಡೊಮೀಟರಿನಲ್ಲಿ ಸಿಕ್ಕಿಬೀಳುತ್ತಾರೆ. 195/50 ಆರ್15 ಟೈರಿನ ವ್ಯಾಸ 576 ಮಿ.ಮೀ. 165/80 ಆರ್15ರದ್ದು 645, ಅಂದರೆ ಶೇಕಡಾ 12 ದೊಡ್ಡದು. ಮಾಜ್ದಾದ ಮೀಟರ್ 50 ಮೈಲಿ ತೋರಿಸುವಾಗ ನೀವು ಸುಮಾರು 56ರಲ್ಲಿ ಹೋಗುತ್ತಿರುತ್ತೀರಿ. ಮೀಟರು ನಿಜವೇಗಕ್ಕಿಂತ ಕಡಿಮೆ ತೋರಿಸಿದರೆ ಐವಿಎಯಲ್ಲಿ ನೇರ ಫೇಲು. ಟೈರ್ ಬದಲಿಸುವುದಾದರೆ ಸರಿಹೊಂದಿಸಬಹುದಾದ ಎಲೆಕ್ಟ್ರಾನಿಕ್ ಸ್ಪೀಡೊಮೀಟರನ್ನೂ ಲೆಕ್ಕಕ್ಕೆ ಸೇರಿಸಿ. ಚಕ್ರದ ಬೋಲ್ಟುಗಳ ಅಳತೆ 4×100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು, ಎಂಬುದು ನೆನಪಿರಲಿ.

ಖರ್ಚಿನ ಬಗ್ಗೆ ಒಂದೇ ಮಾತು: ಕಿಟ್‌ನ ಜಾಹೀರಾತಿನ ಬೆಲೆಯನ್ನು ಒಟ್ಟು ಖರ್ಚಿನ ಅರ್ಧ ಎಂದುಕೊಳ್ಳಿ. ದೀಪ, ರೇಡಿಯೇಟರ್, ಪೆಟ್ರೋಲ್ ಟ್ಯಾಂಕ್, ಸೀಟು, ಟೈರು, ಬುಷ್, ಪೇಂಟು ಅದರಲ್ಲಿ ಇರುವುದು ಅಪರೂಪ. ವಾರಾಂತ್ಯದಲ್ಲಷ್ಟೇ ಕೈಹಚ್ಚುವವರಿಗೆ ಒಂದೂವರೆ–ಎರಡು ವರ್ಷ ಬೇಕು. ಅರ್ಧಕ್ಕೆ ನಿಂತ ಕಿಟ್‌ಗಳು ಅಗ್ಗಕ್ಕೆ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಡೋನರ್‌ನ ವಿ5ಸಿ ಮತ್ತು ಚಾಸಿಯ ಮೂಲ ಬಿಲ್ಲು ಎರಡೂ ಇಲ್ಲದ್ದನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಊರಿಗೆ ತರುವ ಆಸೆ ಬಿಡಿ. ಬಳಸಿದ ಕಾರನ್ನು ಭಾರತಕ್ಕೆ ಆಮದು ಮಾಡಲು ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ನಿಮ್ಮ ದಾಖಲೆಯಲ್ಲಿರುವುದು 2001. ಹಾಸನದಲ್ಲೇ ಒಂದು ಡೋನರ್ ಹಿಡಿದು ಕಟ್ಟೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಮರಳುವ ಮುಂಚೆ ಕಾರನ್ನು ಅಲ್ಲೇ ಮಾರಿ. ಆಗ ಕೊಳ್ಳುವವರು ಮೊದಲು ಕೇಳುವುದು ಐವಿಎ ಪ್ರಮಾಣಪತ್ರ, ವಿ5ಸಿ, ಬಿಲ್ಲುಗಳು ಮತ್ತು ಬಿಚ್ಚಿದ ದಿನದಿಂದ ತೆಗೆದ ಫೋಟೊಗಳನ್ನು. ಆದ್ದರಿಂದ ಶೆಲ್ ಎತ್ತುವ ದಿನ ಒಬ್ಬರ ಕೈಯಲ್ಲಿ ಕ್ಯಾಮೆರಾ ಇರಲಿ.